ಓಲೆಗರಿಯ ಬೂಷ್ಟು ಮತ್ತು ಅಹಿಂಸಾರಕ್ಷಣೆ

ಓಲೆಗ್ರಂಥಗಳಿಗೆ ಹುಳುವಿನಷ್ಟೇ ಬೂಷ್ಟೂ ಶತ್ರು. ತುಳುನಾಡಿನ ಮಳೆಗಾಲದ ತೇವವನ್ನು ದಾಟಿ, ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಳಾದಿ ಗ್ರಂಥಗಳು ಕ್ರಿ. ಶ. 12ನೆಯ ಶತಮಾನದಿಂದ ಉಳಿದುಬಂದಿವೆ. 1939ರಿಂದ ಮುದ್ರಣಗೊಂಡ ವೀರಸೇನಾಚಾರ್ಯರ ಧವಳಾಟೀಕೆಗೆ ಈ ಓಲೆಗಳೇ ಮೂಲ.

ಆದರೆ ಬೂಷ್ಟಿನ ನಾಶ ಜೈನರಿಗೆ ಸರಳವಾದ ಪ್ರಶ್ನೆಯಲ್ಲ. ವಟ್ಟಕೇರಾಚಾರ್ಯರ ಮೂಲಾಚಾರವು ಪಾಚಿ, ಅಣಬೆ, ಬೂಷ್ಟುಗಳನ್ನು ವನಸ್ಪತಿಕಾಯಿಕ ಜೀವಗಳಲ್ಲಿಯೇ ಎಣಿಸುತ್ತದೆ. ಆದುದರಿಂದ ಹುಟ್ಟಿದುದನ್ನು ಅಳಿಸುವುದಕ್ಕಿಂತ ಹುಟ್ಟದಂತೆ ಕಾಯುವುದೇ ಯತ್ನಾಚಾರಕ್ಕೆ ಸಮೀಪವಾದುದು.

ಓಲೆಯ ಸಂಸ್ಕಾರಕ್ರಮ ಇದಕ್ಕೆ ಹೊಂದುತ್ತದೆ. ಬರೆಯುವ ಮೊದಲು ಗರಿಗಳನ್ನು ಅರಿಸಿನದ ನೀರಿನಲ್ಲಿ ಕುದಿಸಿ ಒಣಗಿಸುವುದುಂಟು. ಬರೆದ ಗರಿಗಳಿಗೆ ಮಜ್ಜಿಗೆಹುಲ್ಲಿನ ತೈಲವನ್ನು ತೆಳುವಾಗಿ ಸವರುವುದುಂಟು. ಎರಡೂ ಅಡುಗೆಮನೆಗೆ ಪರಿಚಿತವಾದ ಸಸ್ಯಗಳೇ. ಈ ತೈಲದ ಮುಖ್ಯಾಂಶವಾದ ಸಿಟ್ರಾಲ್ ಬೂಷ್ಟಿನ ಕೋಶಪೊರೆಯನ್ನು ಕೆಡಿಸಿ ಬೆಳವಣಿಗೆಯನ್ನು ತಡೆಯುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ; ಅರಿಸಿನದ ಸಾರಕ್ಕೂ ಆ ಗುಣವುಂಟು.

ಎರಡು ವಿಷಯಗಳನ್ನು ಮರೆಯಲಾಗದು. ಬೂಷ್ಟು ಹಿಡಿದ ಮೇಲೆ ಸವರಿದರೆ ಅದೇ ತೈಲ ಜೀವಘಾತಕ್ಕೆ ಕಾರಣವಾಗುತ್ತದೆ. ಅದು ಆವಿಯಾಗಿ ಹೋಗುವುದರಿಂದ ಪ್ರತಿ ಮಳೆಗಾಲಕ್ಕೆ ಮೊದಲೇ ಪರೀಕ್ಷೆ ನಡೆಯಬೇಕು. ಕಂಠದಿಂದ ಕೊರೆದ ಅಕ್ಷರಕ್ಕೆ ಹಿತವಾದ ತೈಲ, ಧವಳಾಪ್ರತಿಯಂತಹ ಚಿತ್ರಸಹಿತ ಗರಿಗಳ ಬಣ್ಣವನ್ನು ಕೆಡಿಸಬಲ್ಲುದು. ಅವುಗಳಿಗೆ ಒಣಗಾಳಿ, ಶುಭ್ರವಸ್ತ್ರಗಳೇ ರಕ್ಷೆ. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಪೂಜಿಸುವ ಸಂಪ್ರದಾಯ, ಮಳೆಗಾಲದ ಹೊಸ್ತಿಲಲ್ಲಿ ಬರುವುದರಿಂದ, ಈ ಪರೀಕ್ಷೆಗೂ ಯೋಗ್ಯವಾದ ಕಾಲ.