ಸಗಣಿ, ಸೂಜಿ, ದಾರ: ಪರಿಕಲ್ಪನಾ ಕಲೆಯಲ್ಲಿ ನಿತ್ಯದ ಬದುಕು

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ಮಣ್ಣಿನ ಮನೆಗಳಲ್ಲಿ ನೆಲವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಇಡುವುದು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಹೆಣ್ಣುಮಕ್ಕಳ ದುಡಿಮೆಯಾಗಿ ಬಂದಿದೆ. ತಾಂಡಾಗಳ ಲಂಬಾಣಿ ಮಹಿಳೆಯರ ಕಸೂತಿಯೂ ಇದೇ ಸೂಜಿ-ದಾರದ ಬದುಕಿಗೆ ಸೇರಿದುದು. ಇವುಗಳನ್ನು ಜಾನಪದ ಅಧ್ಯಯನವು ಗಮನಿಸಿದೆಯಾದರೂ ಆಧುನಿಕ ಕಲೆಯ ಚರಿತ್ರೆ ಬಹುಕಾಲ ಹೊರಗೇ ಇರಿಸಿತ್ತು. ಈ ಅಂತರವನ್ನು ಪ್ರಶ್ನಿಸಿದ ಕರ್ನಾಟಕದ ಕಲಾವಿದರಲ್ಲಿ ಶೀಲಾ ಗೌಡ ಪ್ರಮುಖರು.

ಪಶ್ಚಿಮದಲ್ಲಿ ಮಾರ್ಸೆಲ್ ದ್ಯುಶಾಂ 1917ರಲ್ಲಿಯೇ ಕಾರ್ಖಾನೆಯಲ್ಲಿ ತಯಾರಾದ ಮೂತ್ರಪಾತ್ರೆಯೊಂದನ್ನು ಕಲಾಕೃತಿಯೆಂದು ಮುಂದಿಟ್ಟು, ಕೃತಿಗಿಂತ ಅದರ ಹಿಂದಿನ ಪರಿಕಲ್ಪನೆ ಮುಖ್ಯವೆಂಬ ವಾದಕ್ಕೆ ದಾರಿ ತೆರೆದಿದ್ದನು. ಆದರೆ ಶೀಲಾ ಗೌಡ ಅವರ ಮಾರ್ಗ ಇದರ ಅನುಕರಣೆಯಲ್ಲ. ದ್ಯುಶಾಂ ಆಯ್ದುಕೊಂಡದ್ದು ಯಂತ್ರನಿರ್ಮಿತ ವಸ್ತುವನ್ನು. ಇವರು ಆಯ್ದುಕೊಂಡದ್ದು ಕೈಯ ದುಡಿಮೆಯನ್ನು.

1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಅಭ್ಯಾಸ ಮಾಡಿದರು. ಮೊದಲು ಚಿತ್ರಕಾರರಾಗಿದ್ದ ಅವರು, 1992ರ ಕೊನೆಯಲ್ಲಿ ದೇಶವನ್ನು ಕಲಕಿದ ಕೋಮುಹಿಂಸೆಯ ನಂತರ, ಕ್ಯಾನ್ವಾಸನ್ನು ಬಿಟ್ಟು ಸಗಣಿಯತ್ತ ಹೊರಳಿದರು. ಪವಿತ್ರವೆಂದು ಪೂಜೆಗೂ ಇಂಧನವೆಂದು ಒಲೆಗೂ ಸಲ್ಲುವ ಈ ವಸ್ತುವಿನಲ್ಲಿ ಧರ್ಮ, ರಾಜಕಾರಣ, ಮನೆವಾರ್ತೆಗಳು ಒಟ್ಟಿಗೆ ಸೇರಿದ್ದವು. 1996ರ ‘ಮಾರ್ಟರ್ ಲೈನ್’ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳ ಸಾಲಿನ ನಡುವೆ ಗಾರೆಯ ಸ್ಥಾನದಲ್ಲಿ ಕುಂಕುಮವಿದೆ. ಮಂಗಳದ ಬಣ್ಣವೇ ಅಲ್ಲಿ ಗಾಯದಂತೆ ಕಾಣುತ್ತದೆ.

1998ರಲ್ಲಿ ಆರಂಭಗೊಂಡ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಅತಿ ಉದ್ದದ ದಾರಗಳನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಮತ್ತು ಅಂಟು ಲೇಪಿಸಿ, ಕೆಂಪು ಹುರಿಯಾಗಿ ಒಗ್ಗೂಡಿಸಲಾಗಿದೆ. ತುದಿಯಲ್ಲಿ ಸೂಜಿಗಳ ಗೊಂಚಲು ಉಳಿಯುತ್ತದೆ. ಹೊಲಿಗೆಯ ತಾಳ್ಮೆ ಮತ್ತು ನೋವುಗಳೆರಡನ್ನೂ ಯಾವ ಚಿತ್ರಣವೂ ಇಲ್ಲದೆ ಅದು ಹೇಳುತ್ತದೆ. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾದ ‘ಬಿಹೋಲ್ಡ್’ ಕೃತಿಗೆ ಸುಮಾರು 4 ಕಿಲೋಮೀಟರ್ ಕೂದಲ ಹಗ್ಗ ಹಾಗೂ ವಾಹನಗಳ ಬಂಪರುಗಳು ಬಳಕೆಯಾದವು. ಮುಡಿಕೊಟ್ಟ ಕೂದಲನ್ನು ಹೊಸೆದು, ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ರೂಢಿಯೇ ಇದರ ಮೂಲ.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಕಲಾಶಾಲೆಯಲ್ಲಿ ಸಗಣಿಗೆ ದೊರೆತ ಗೌರವ ಅದನ್ನು ದಿನವೂ ಕಲಸುವ ಕೈಗೆ ದೊರೆತಿದೆಯೇ? ಕೃತಿಗೆ ಕಲಾವಿದರ ಹೆಸರಿದೆ. ಕೌದಿಗೆ ಹೊಲಿದವಳ ಹೆಸರಿಲ್ಲ. ಶೀಲಾ ಗೌಡ ಅವರ ಕೃತಿಗಳ ಹೆಚ್ಚಳವೆಂದರೆ, ಅವು ಈ ಅಸಮತೆಯನ್ನು ಮುಚ್ಚುವುದಿಲ್ಲ. ದುಡಿಮೆಯ ಗುರುತುಗಳನ್ನು ಅಳಿಸದೆ ಉಳಿಸುತ್ತವೆ. ಆದುದರಿಂದ ಕರ್ನಾಟಕದ ಪರಿಕಲ್ಪನಾ ಕಲೆಯ ಚರಿತ್ರೆಯನ್ನು ಬರೆಯುವವರು ಗ್ಯಾಲರಿಯಷ್ಟೇ ಶ್ರದ್ಧೆಯಿಂದ ಹರಪನಹಳ್ಳಿಯಂಥ ಊರುಗಳ ಅಂಗಳವನ್ನೂ ನೋಡಬೇಕಾಗುತ್ತದೆ.