ಕರೆಂಟು ಬೇಡದ ಸಿರಿಂಜು

ಬಸಿರು ಅರ್ಧಂಬರ್ಧ ಇಳಿದು ರಕ್ತ ನಿಲ್ಲದಿದ್ದರೆ ‘ಒಳಗೆ ಕ್ಲೀನ್ ಮಾಡಬೇಕು’ ಅಂತಾರೆ. ಈ ‘ಕ್ಲೀನ್’ ಅನ್ನೋ ಸಣ್ಣ ಮಾತಿನ ಹಿಂದೆ ಅರ್ಧ ಶತಮಾನದ ರಾಜಕೀಯ ಇದೆ.

ಬಹುಕಾಲ ಅದರ ಅರ್ಥ ಡಿ ಅಂಡ್ ಸಿ. ಗರ್ಭಕೋಶದ ಬಾಯಿ ಹಿಗ್ಗಿಸಿ, ಲೋಹದ ಕ್ಯುರೆಟ್‌ನಿಂದ ಒಳಗೆಲ್ಲ ಕೆರೆಯೋದು. ಅದಕ್ಕೆ ಸಾಮಾನ್ಯವಾಗಿ ಥಿಯೇಟರ್ ಬೇಕು, ಅರಿವಳಿಕೆ ಬೇಕು, ಪಳಗಿದ ಡಾಕ್ಟರ್ ಬೇಕು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಈ ಮೂರೂ ಒಟ್ಟಿಗೆ ಸಿಗೋವರೆಗೆ ಹೆಂಗಸು ರಕ್ತ ಸುರಿಸುತ್ತ ಕಾಯಬೇಕಿತ್ತು. ಕೆರೆಯುವಾಗ ಗರ್ಭಕೋಶಕ್ಕೆ ತೂತು ಬೀಳುವ ಅಪಾಯ ಬೇರೆ.

ಕೆರೆಯುವ ಬದಲು ಹೀರಿ ತೆಗೆಯಬಹುದು ಎಂದು ಚೀನಾದ ವೂ ಯುವಾನ್‌ತಾಯ್ ಮತ್ತು ವೂ ಶಿಯೆನ್‌ಜೆನ್ 1958ರಲ್ಲೇ ವರದಿ ಮಾಡಿದ್ದರು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹಾರ್ವೆ ಕರ್ಮನ್, ಈತ ಡಾಕ್ಟರೂ ಅಲ್ಲ, ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯನ್ನು ಕೈ ಸಿರಿಂಜಿಗೆ ಜೋಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದ. ಕರೆಂಟು ಬೇಡ, ಪೂರ್ತಿ ಪ್ರಜ್ಞೆ ತಪ್ಪಿಸೋದು ಬೇಡ. ತರಬೇತಿ ಪಡೆದ ಸೂಲಗಿತ್ತಿ ನರ್ಸೂ ಸಣ್ಣ ಕೋಣೆಯೊಂದರಲ್ಲಿ ಮಾಡಿ ಮುಗಿಸಬಹುದು. ಬಡ ದೇಶಗಳಿಗೆ ಹೇಳಿ ಮಾಡಿಸಿದ ಸಾಧನ, ಅಲ್ವಾ?

ಇದನ್ನು ಸುಧಾರಿಸಲು ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಯ್ಡ್ ದುಡ್ಡು ಹಾಕಿತ್ತು. ಅಷ್ಟರಲ್ಲಿ 1973ರ ಹೆಲ್ಮ್ಸ್ ತಿದ್ದುಪಡಿ ಬಂತು: ಕುಟುಂಬ ಯೋಜನೆಯ ಹೆಸರಲ್ಲಿ ಗರ್ಭಪಾತ ಮಾಡಿಸಲು ವಿದೇಶಿ ನೆರವಿನ ಹಣ ಬಳಸುವಂತಿಲ್ಲ. ಸಂಸ್ಥೆ ಕೈಬಿಟ್ಟಿತು. ಸಿರಿಂಜು ಹಂಚುವ ಕೆಲಸ ಅದೇ ವರ್ಷ ಹುಟ್ಟಿದ ಐಪಾಸ್ ಎಂಬ ಸಂಸ್ಥೆಯ ಹೆಗಲಿಗೆ ಬಿತ್ತು. ಬಸಿರು ತಾನಾಗಿ ಇಳಿದದ್ದೋ, ಇಳಿಸಿಕೊಂಡದ್ದೋ ಅನ್ನೋದು ಸಿರಿಂಜಿಗೆ ಗೊತ್ತಾಗಲ್ಲ ನೋಡಿ. ಕಾನೂನಿಗೆ ಮಾತ್ರ ಅದೇ ಮುಖ್ಯ.

1994ರಲ್ಲಿ ಕೈರೋದ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ಒಂದು ನಡುದಾರಿ ಹುಡುಕಿದವು. ಗರ್ಭಪಾತದ ಕಾನೂನು ಆಯಾ ದೇಶಕ್ಕೆ ಬಿಟ್ಟದ್ದು. ಆದರೆ ತೊಂದರೆಯಾಗಿ ಬಂದವಳಿಗೆ ಎಲ್ಲ ಸಂದರ್ಭದಲ್ಲೂ ಗುಣಮಟ್ಟದ ಚಿಕಿತ್ಸೆ ಸಿಗಬೇಕು, ಆಮೇಲೆ ಆಪ್ತ ಸಲಹೆ ಮತ್ತು ಗರ್ಭನಿರೋಧಕವೂ ಸಿಗಬೇಕು. ಗರ್ಭಪಾತಕ್ಕೆ ‘ಮೊದಲು’ ಏನಾಗಬೇಕು ಅನ್ನೋ ಜಗಳ ಹಾಗೇ ಉಳೀತು; ‘ನಂತರ’ದ ಬಗ್ಗೆ ಒಪ್ಪಂದವಾಯಿತು. ಘಾನಾದಂಥ ದೇಶಗಳು ಸೂಲಗಿತ್ತಿಯರಿಗೇ ಈ ಚಿಕಿತ್ಸೆಯ ತರಬೇತಿ ಕೊಟ್ಟವು. ಯುಎಸ್‌ಏಯ್ಡ್ ಕೂಡ ತರಬೇತಿಗೆ ಹಣ ಕೊಟ್ಟಿತು. ಸಿರಿಂಜು ಕೊಳ್ಳೋದಕ್ಕೆ ಮಾತ್ರ ಕೊಡಲಿಲ್ಲ! ಈಜು ಕಲಿಸಿ ಕೆರೆಗೆ ಬೇಲಿ ಹಾಕಿದ ಹಾಗೆ.

ಹೊಟ್ಟೆಯ ಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪೂರ್ಣ ಗರ್ಭಪಾತಕ್ಕೂ ಅಗತ್ಯ ಔಷಧಿಯೆಂದು ಪಟ್ಟಿ ಮಾಡಿತು. 2012ರಲ್ಲಿ, ಡಿ ಅಂಡ್ ಸಿ ಹಳತಾಯಿತು, ಕೈಬಿಡಿ ಎಂದು ಮತ್ತೊಮ್ಮೆ ಹೇಳಬೇಕಾಯಿತು. ಹೀರುವ ವಿಧಾನ ಗೊತ್ತಾಗಿ ಆಗಲೇ 54 ವರ್ಷ!

ಹಾಗಾಗಿ ಈ ತಡವನ್ನು ಬಡತನದ ಲೆಕ್ಕಕ್ಕೆ ಮಾತ್ರ ಬರೆಯೋಕಾಗಲ್ಲ. ನೋವಿಗೆ ಮಾತ್ರೆ, ಮರೆಗೊಂದು ಪರದೆ, ಮನೆಗೆ ಹೋಗುವ ಮುಂಚೆ ಗರ್ಭನಿರೋಧಕದ ಬಗ್ಗೆ ನಾಲ್ಕು ಮಾತು: ಇವಕ್ಕೆಲ್ಲ ಎಷ್ಟು ಖರ್ಚಾದೀತು? ರಕ್ತ ಹೋಗುತ್ತಿರುವವಳನ್ನು ‘ಯಾರು ಮಾಡಿದ್ದು?’ ಎಂದು ಮೊದಲು ಕೇಳದೇ ಇರೋದಕ್ಕಂತೂ ಏನೂ ಖರ್ಚಿಲ್ಲ.