ಪೌತಿ ಖಾತೆಯಲ್ಲಿ ಪತ್ನಿಯ ಹೆಸರು

ತಿಥಿಯೂಟದ ಎಲೆ ಎತ್ತುವ ಮುನ್ನವೇ ಪೌತಿ ಖಾತೆಯ ಮಾತು ಏಳುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅರಬ್ಬಿಯಲ್ಲಿ ‘ಫೌತ್’ ಎಂದರೆ ಮರಣ. ಆ ಶಬ್ದವು ಕಂದಾಯದ ದಫ್ತರದ ಮೂಲಕ ನಮ್ಮ ಹಳ್ಳಿಗಳಲ್ಲಿ ಬೇರೂರಿತು. ಸತ್ತವನ ಹೆಸರು ತೆಗೆದು ವಾರಸುದಾರರ ಹೆಸರು ಬರೆಯಬೇಕು, ಸರಿ. ಹೆಂಡತಿ ವಾರಸುದಾರಳೇ?

ಪ್ರಶ್ನೆ ಹಳೆಯದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ಸುಮ್ಮನೆ ಬಿಡಲಿಲ್ಲ. ವಿಧವೆಗೆ ಅನ್ನವಸ್ತ್ರ ಸಾಕೆನ್ನುವವರ ವಾದಗಳನ್ನು ಒಂದೊಂದಾಗಿ ಖಂಡಿಸಿ, ಪಾಲಾಗಿ ಬೇರೆಯಿದ್ದು ಗಂಡುಸಂತಾನವಿಲ್ಲದೆ ತೀರಿಕೊಂಡವನ ಸ್ವತ್ತು ಮೊದಲು ಪತ್ನಿಗೇ ಸಲ್ಲತಕ್ಕದ್ದೆಂದು ನಿರ್ಣಯಿಸಿದನು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ‘ಪಾಲಾಗಿ’ ಎಂಬ ಒಂದು ಶಬ್ದದಲ್ಲಿ ಎಷ್ಟು ಹೆಂಗಸರ ಬದುಕು ಸಿಕ್ಕಿಕೊಂಡಿತೋ! ಅವಿಭಕ್ತ ಕುಟುಂಬದಲ್ಲಿ ಗಂಡನು ತೀರಿದರೆ ಅವನ ಅಂಶವು ಉಳಿದ ಗಂಡಸರಲ್ಲಿ ಕರಗಿಹೋಗುತ್ತಿತ್ತು. ಅವಳಿಗೆ ಜೀವನಾಂಶ ಮಾತ್ರ.

ಮೈಸೂರು ಸಂಸ್ಥಾನವು 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ, ಅಣ್ಣತಮ್ಮಂದಿರು ಪಾಲಾಗುವಾಗ ಗಂಡುಮಕ್ಕಳಿಲ್ಲದೆ ತೀರಿದ ಸಹೋದರನ ವಿಧವೆಗೂ ಪಾಲು ಕೊಡಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಕೂಡುಕುಟುಂಬದ ವಿಧವೆಗೆ ಗಂಡನ ಅಂಶ ದೊರೆತದ್ದು 1937ರಲ್ಲಿ. ಅದೂ ಅವಳ ಜೀವಿತಾವಧಿಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಆ ಮಿತಿಯನ್ನು ಕಿತ್ತು, ಅವಳನ್ನು ಪೂರ್ಣ ಒಡತಿಯನ್ನಾಗಿಸಿತು.

ಅನಂತರವೂ, ವಂಶವೃಕ್ಷದ ಕಾಗದವನ್ನು ಮುಂದಿಟ್ಟುಕೊಂಡು ‘ಅಮ್ಮನ ಹೆಸರೇಕೆ, ನಾವಿಲ್ಲವೇ?’ ಎಂದ ಮಗನೊಬ್ಬನನ್ನು ನಾನು ಬಲ್ಲೆ. ತಾಯಿ ಪಕ್ಕದಲ್ಲೇ ಇದ್ದಳು. ಹಕ್ಕುಬಿಡುಗಡೆ ಪತ್ರಕ್ಕೆ ಒತ್ತಲು ಹೆಬ್ಬೆರಳಿಗೆ ಆಗಲೇ ಮಸಿ ಹಚ್ಚಿದ್ದರು.